ಶಸ್ತ್ರವೈದ್ಯನ ಶಸ್ತ್ರ

ಬೀದರದ ಬಾನಿನಲ್ಲಿ ವಾಯುಪಡೆಯ ತರಬೇತಿ ವಿಮಾನಗಳು ಮೊರೆಯುತ್ತ ಸಾಗುವುದು ಇಲ್ಲಿಯವರಿಗೆ ಕಾಗೆಯ ಕೂಗಿನಷ್ಟೇ ಪರಿಚಿತ. ತಲೆಯೆತ್ತಿ ನೋಡುವವರು ಹುಡುಗರು ಮಾತ್ರ. ಸೋದರಮಾವನ ಮನೆಯಲ್ಲಿದ್ದು ಓದುವಾಗ ಹಾಗೆ ತಲೆಯೆತ್ತಿ ನೋಡಿದವನೊಬ್ಬ, ಔರಾದಿನ ನನ್ನ ಮಿತ್ರರ ಮಗ, ವೈದ್ಯಪದವಿ ಮುಗಿಸಿ ಈಗ ಸೇನೆಯ ವೈದ್ಯಕೀಯ ದಳಕ್ಕೆ ಅರ್ಜಿ ಹಾಕಿದ್ದಾನೆ. ಈಚೆಗೆ ಭಾಲ್ಕಿಯಲ್ಲಿ ಅವರ ಬಳಗದ ಮದುವೆ. ಊಟಕ್ಕೆ ಕುಳಿತಾಗ ಅವನ ಅಜ್ಜಿ ನನ್ನನ್ನು ಕೇಳಿದರು: “ಯಾಕ ತಮ್ಮಾ, ಜೀವ ಉಳಿಸಾಂವನ ಕೈಯಾಗ ಬಂದೂಕ ಯಾಕ ಕೊಡ್ತಾರ?”

೧೯೪೮ರ ಬಂದೂಕಿನ ಸದ್ದನ್ನು ಎಳವೆಯಲ್ಲೇ ಕೇಳಿದ ಜೀವ ಅದು. ಹಾರಿಕೆಯ ಉತ್ತರ ಸಲ್ಲದು.

ನಮ್ಮ ಭಾಷೆಯೇ ಇಲ್ಲಿ ಒಂದು ತೊಡಕನ್ನಿಟ್ಟಿದೆ. ಕೊಲ್ಲುವುದೂ ಶಸ್ತ್ರ, ಹುಣ್ಣನ್ನು ಕೊಯ್ದು ಗುಣಪಡಿಸುವುದೂ ಶಸ್ತ್ರ. ದಂಡೆತ್ತಿ ಹೊರಟ ಅರಸನ ಜೊತೆಗಿರುವ ವೈದ್ಯನಿಗಾಗಿ ಸುಶ್ರುತಸಂಹಿತೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಅವನ ಬಿಡಾರ ರಾಜನ ಡೇರೆಯ ಮಗ್ಗುಲಲ್ಲಿ. ವಿಷದಿಂದ, ಬಾಣದಿಂದ, ರೋಗದಿಂದ ನೊಂದವರು ತಡವರಿಸದೆ ಬಂದು ಸೇರುವಂತೆ ಅವನು ಧ್ವಜದಂತೆ ಎದ್ದು ಕಾಣಬೇಕಂತೆ.

ಕೆಂಪು ಶಿಲುಬೆಯ ಬಾವುಟ ಮಾಡುವುದೂ ಇದನ್ನೇ. ೧೯೪೯ರ ಜಿನೀವಾ ಒಪ್ಪಂದ ವೈದ್ಯನಿಗೆ ಆಯುಧವನ್ನು ಪೂರ್ತಿ ನಿಷೇಧಿಸಿಲ್ಲ. ತನ್ನನ್ನೂ ತನ್ನ ವಶದಲ್ಲಿರುವ ಗಾಯಾಳುಗಳನ್ನೂ ಕಾಯಲು ಹಿಡಿಯಬಹುದು. ಆ ಗೆರೆ ದಾಟಿ ಶತ್ರುವಿನ ಮೇಲೆ ಏರಿಹೋದನೋ, ಬಾವುಟದ ಆಸರೆ ತಪ್ಪಿತು. ಆಸ್ಪತ್ರೆಯನ್ನೇ ಹಾಗೆ ಬಳಸಿದರೆ, ಎಚ್ಚರಿಕೆಯ ತರುವಾಯ ಅದರ ರಕ್ಷಣೆಯೂ ಹೋಗುತ್ತದೆ.

ತರುಣನಿಗೆ ಇದು ರುಚಿಸಲಿಲ್ಲ. “ಕಾಳಗದ ಸಾಲಿನಲ್ಲಿ ಜನ ಸಾಲದಾದಾಗ ವೈದ್ಯ ಕೈಕಟ್ಟಿ ನಿಲ್ಲಬೇಕೆ?” ಎಂದ. ಮಣಿಪುರದ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗರ ಹೆಸರೆತ್ತಿದ. ೨೦೧೦ರ ಫೆಬ್ರವರಿ ೨೬ರಂದು ಕಾಬೂಲಿನ ವಸತಿಗೃಹಕ್ಕೆ ಭಯೋತ್ಪಾದಕರು ನುಗ್ಗಿದಾಗ ಈ ಸೇನಾವೈದ್ಯರು ಬರಿಗೈಯಲ್ಲಿ ಒಬ್ಬ ಹಂತಕನನ್ನು ತಬ್ಬಿ ಹಿಡಿದರು. ಅವನು ಸಿಡಿಸಿದ ಸ್ಫೋಟಕಕ್ಕೆ ತಾವೂ ಬಲಿಯಾದರು. ಸಂಗಡಿಗರು ಉಳಿದರು. ಮರಣೋತ್ತರ ಅಶೋಕಚಕ್ರ ಸಂದಿತು. “ಅವರ ಬಳಿ ಪಿಸ್ತೂಲಿದ್ದಿದ್ದರೆ?”

ನನಗೆ ತಟ್ಟನೆ ಮಾತು ಹೊರಡಲಿಲ್ಲ. ಇದ್ದಿದ್ದರೆ ಒಳಿತೇ ಆಗುತ್ತಿತ್ತು. ಆದರೆ ಅವರು ಮಾಡಿದ್ದು ಕಾಪು, ದಾಳಿಯಲ್ಲ. ಅವರ ಹೆಸರು ಹೇಳಿ ವೈದ್ಯನನ್ನು ದಾಳಿಗೆ ಅಟ್ಟಲಾಗದು. ಕ್ಯಾಪ್ಟನ್ ಲಕ್ಷ್ಮಿಯವರ ಮಾತು ಬೇರೆ. ಸಿಂಗಾಪುರದಲ್ಲಿ ಹೆರಿಗೆಯ ವೈದ್ಯೆಯಾಗಿದ್ದ ಅವರು ೧೯೪೩ರಲ್ಲಿ ಝಾನ್ಸಿ ರಾಣಿ ದಳದ ನಾಯಕಿಯಾದರು. ಬಂದೂಕು ಹಿಡಿದದ್ದು ಸೈನಿಕಳಾಗಿ, ಎಲ್ಲರಿಗೂ ಕಾಣುವಂತೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಇಳಿವಯಸ್ಸಿನವರೆಗೂ ರೋಗಿಗಳನ್ನು ನೋಡಿದರು. ಒಂದು ವೇಷ ಕಳಚಿ ಇನ್ನೊಂದು ತೊಡಬಹುದು. ತೋಳಿನಲ್ಲಿ ಶಿಲುಬೆಯ ಪಟ್ಟಿ ಕಟ್ಟಿಕೊಂಡೇ ಗುರಿಯಿಟ್ಟರೆ, ನಾಳೆ ಇನ್ನೊಬ್ಬ ವೈದ್ಯನ ಪಟ್ಟಿಯನ್ನು ಯಾರು ನಂಬಿಯಾರು?

ಅಜ್ಜಿ ಇಷ್ಟನ್ನೂ ಕೇಳುತ್ತ ಹುಗ್ಗಿಯನ್ನು ಆರಲು ಬಿಟ್ಟಿದ್ದರು. ಮೊಮ್ಮಗನ ಕಡೆ ತಿರುಗಿದರು: “ವೈರಿ ಗಾಯಾಗಿ ಬಂದ್ರ ಅವಗೂ ಮದ್ದ ಹಾಕ್ತೀಯೇನೋ?”

“ಹಾಕಲೇಬೇಕಲ್ಲ ಆಯಿ.”

“ಹಂಗಾದ್ರ ಹೋಗು,” ಎಂದು ಅವರು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡರು.