ಫೋನು ಮೊದಲೋ, ಹಂಪಿ ಮೊದಲೋ?

ಮಂಡ್ಯದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು, ಅಮ್ಮ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಒಬ್ಬಳೇ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಬರುವ ನವೆಂಬರಿಗೆ ದಂಪತಿಗೆ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆ. ಆಗ ಇಬ್ಬರೇ ಹಂಪಿಗೆ ಹೋಗಿ ಮೂರು ದಿನ ಇದ್ದು ಬರಬೇಕೆಂಬುದು ಬಹಳ ಕಾಲದ ಆಸೆ. ಅದಕ್ಕೆಂದೇ ಚೀಟಿ ಕಟ್ಟಿ ಎತ್ತಿದ ಇಪ್ಪತ್ತೈದು ಸಾವಿರ ರೂಪಾಯಿ ಬೀರುವಿನಲ್ಲಿ ಸೀರೆಗಳ ಕೆಳಗೆ ಬೆಚ್ಚಗಿದೆ.

ಆಗಸ್ಟಿನ ಒಂದು ಭಾನುವಾರ ಮಗಳು ಊರಿಗೆ ಬರುತ್ತಾಳೆ. ಊಟಕ್ಕೆ ಕೂತಾಗ ಮಾತು ತೆಗೆಯುತ್ತಾಳೆ.

"ಅಮ್ಮಾ, ಈ ಫೋನು ಇನ್ನು ನಡೆಯಲ್ಲ. ಮಧ್ಯಾಹ್ನದ ಹೊತ್ತಿಗೇ ಸತ್ತುಹೋಗುತ್ತೆ. ಇಪ್ಪತ್ತು ಪರ್ಸೆಂಟ್ ಅಂತ ತೋರಿಸ್ತಾ ಇರುತ್ತೆ, ಇದ್ದಕ್ಕಿದ್ದಂತೆ ಆಫ್! ನೋಟ್ಸು, ಅಸೈನ್‌ಮೆಂಟು ಎಲ್ಲಾ ಇದರಲ್ಲೇ ಬರೋದು. ಇಪ್ಪತ್ತನಾಲ್ಕು ಸಾವಿರಕ್ಕೆ ಒಂದು ಒಳ್ಳೇದು ನೋಡಿದ್ದೀನಿ."

ಅಮ್ಮ ಅಪ್ಪನ ಮುಖ ನೋಡುತ್ತಾರೆ. ಅಪ್ಪ ಸಾರಿನ ಬಟ್ಟಲು ನೋಡುತ್ತಾರೆ. ಕೊನೆಗೆ ಅಮ್ಮನೇ, "ಇರ್ಲಿ ಬಿಡ್ರೀ, ಹಂಪಿ ಎಲ್ಲಿಗೂ ಓಡಿಹೋಗಲ್ಲ. ಓದೋ ಹುಡುಗಿ" ಎನ್ನುತ್ತಾರೆ.

ಅಲ್ಲಿಗೆ ಹಂಪಿ ಮುಗಿಯಿತು!

ಇಂಥ ಮನೆ ಮಂಡ್ಯದಲ್ಲೇ ಇರಬೇಕೆಂದೇನೂ ಇಲ್ಲ. ಹಾಸನದಲ್ಲೋ ಗದಗದಲ್ಲೋ ಇದ್ದರೂ ಕತೆ ಹೆಚ್ಚು ಬದಲಾಗದು. ಫೋನು ಕೆಟ್ಟರೆ ಅದು ತುರ್ತು, ಪ್ರವಾಸ ತಪ್ಪಿದರೆ ಅದು ಬರೀ ಮುಂದೂಡಿಕೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ ಪಾಠವೇ ಫೋನಿಗೆ ಬಂದ ಮೇಲಂತೂ 'ಓದಿಗೆ ಬೇಕು' ಎಂಬ ಮಾತಿಗೆ ಎದುರಾಡುವ ಧೈರ್ಯ ಯಾವ ತಂದೆ ತಾಯಿಗೂ ಉಳಿದಿಲ್ಲ. ಮಕ್ಕಳು ಸುಳ್ಳು ಹೇಳುತ್ತಾರೆಂದಲ್ಲ. ಈ ಹುಡುಗಿಯ ಫೋನು ನಿಜವಾಗಿಯೂ ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ಆದರೆ ಕಾಯಿಲೆ ಯಾವುದು ಎಂದು ಆ ಊಟದ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ.

ಕಾಯಿಲೆ ಇರುವುದು ಬ್ಯಾಟರಿಗೆ. ಫೋನಿಗಲ್ಲ.

ಇಂದಿನ ಫೋನುಗಳಲ್ಲೆಲ್ಲ ಇರುವುದು ಲಿಥಿಯಂ ಅಯಾನ್ ಜಾತಿಯ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲಿಗೆ ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅಷ್ಟು ದೊಡ್ಡ ಸಾಧನೆಯಾದರೂ ಇದಕ್ಕೊಂದು ಮಿತಿಯಿದೆ. ಚಾರ್ಜ್ ಆಗುವಾಗ ಲಿಥಿಯಂ ಕಣಗಳು ಒಂದು ಬದಿಗೆ ಸರಿದು, ಬಳಸುವಾಗ ಇನ್ನೊಂದು ಬದಿಗೆ ಮರಳುತ್ತವೆ. ಪ್ರತಿ ಬಾರಿಯೂ ಸ್ವಲ್ಪ ಲಿಥಿಯಂ ಒಳಗೇ ಸಿಕ್ಕಿಬಿದ್ದು ಕೆಲಸಕ್ಕೆ ಬಾರದಂತಾಗುತ್ತದೆ. ಹೀಗೆ ಸವೆದು ಸವೆದು, ಸುಮಾರು 500 ಪೂರ್ಣ ಚಾರ್ಜುಗಳ ನಂತರ ಮೂಲ ಸಾಮರ್ಥ್ಯದ ಶೇ 80ರಷ್ಟು ಮಾತ್ರ ಉಳಿಯುತ್ತದೆ ಎಂಬುದು ಬಹುಕಾಲದ ಲೆಕ್ಕ. ಇತ್ತೀಚಿನ ಕೆಲವು ಫೋನುಗಳಲ್ಲಿ ಇದು 800, 1000ದವರೆಗೂ ಹೋಗಿದೆ. ಇಲ್ಲಿ ಪೂರ್ಣ ಚಾರ್ಜ್ ಎಂದರೆ ಒಟ್ಟು ನೂರು ಪರ್ಸೆಂಟ್ ಖರ್ಚಾಗುವುದು. ಇಂದು ಅರ್ಧ, ನಾಳೆ ಅರ್ಧ ಖರ್ಚಾದರೆ ಎರಡೂ ಸೇರಿ ಒಂದು. ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡುವ ವಿದ್ಯಾರ್ಥಿಗೆ 500 ಎನ್ನುವುದು ಒಂದೂವರೆ ವರ್ಷವೂ ಅಲ್ಲ!

ಇಪ್ಪತ್ತು ಪರ್ಸೆಂಟ್ ಇರುವಾಗಲೇ ಫೋನು ಆರುವುದಕ್ಕೂ ಕಾರಣ ಇದೇ. ಹಳೆಯ ಬ್ಯಾಟರಿಯ ಒಳಗಿನ ಪ್ರತಿರೋಧ ಹೆಚ್ಚಿರುತ್ತದೆ. ಕ್ಯಾಮೆರಾ ತೆರೆದಾಗಲೋ ಆಟ ಆಡುವಾಗಲೋ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಫೋನು ಕಣ್ಣು ಮುಚ್ಚುತ್ತದೆ. ಬಿಸಿಲಿನಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಫೋನಿಡುವುದು, ದಿಂಬಿನ ಕೆಳಗಿಟ್ಟು ರಾತ್ರಿಯಿಡೀ ಚಾರ್ಜ್ ಮಾಡುವುದು ಈ ಸವೆತವನ್ನು ಇನ್ನಷ್ಟು ಬೇಗ ತರುತ್ತವೆ. ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು.

ಹಾಗಾದರೆ ಬ್ಯಾಟರಿಯೊಂದನ್ನೇ ಬದಲಿಸಿದರೆ? ಸಾಮಾನ್ಯ ಫೋನುಗಳಿಗೆ ಅದು ಒಂದೆರಡು ಗಂಟೆಯ ಕೆಲಸ, ಖರ್ಚು ಹೊಸ ಫೋನಿನ ಬೆಲೆಯ ಸಣ್ಣ ಪಾಲು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಜಾಣತನವಲ್ಲ ಎಂದು ಗೊತ್ತಿರುವ ನಾವೇ ಬ್ಯಾಟರಿ ಸವೆಯಿತೆಂದು ಫೋನನ್ನೇ ಎಸೆಯುತ್ತೇವೆ.

ಇದು ಎಷ್ಟು ದೊಡ್ಡ ವಿಷಯವೆಂಬುದನ್ನು ಅಮೆರಿಕದ ಆಪಲ್ ಕಂಪನಿಯ ಪ್ರಸಂಗ ಚೆನ್ನಾಗಿ ತೋರಿಸಿಕೊಟ್ಟಿತು. ಬ್ಯಾಟರಿ ಸವೆದ ಹಳೆಯ ಐಫೋನುಗಳು ಹಠಾತ್ತನೆ ಆರಿಹೋಗದಿರಲೆಂದು ಅವುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಿದ್ದಾಗಿ 2017ರ ಡಿಸೆಂಬರಿನಲ್ಲಿ ಕಂಪನಿ ಒಪ್ಪಿಕೊಂಡಿತು. ಫೋನು ನಿಧಾನವಾಯಿತೆಂದು ಹೊಸದು ಕೊಂಡಿದ್ದವರು ಸಿಡಿದೆದ್ದರು. ಕ್ಷಮೆ ಕೇಳಿದ ಕಂಪನಿ, 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ದರವನ್ನು 2018ನೇ ವರ್ಷದ ಮಟ್ಟಿಗೆ 29 ಡಾಲರಿಗೆ ಇಳಿಸಿತು. ಸ್ವಾರಸ್ಯವಿರುವುದು ಇದರ ನಂತರ. 2019ರ ಜನವರಿ 2ರಂದು ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದು ವರಮಾನ ನಿರೀಕ್ಷೆಗಿಂತ ಕಡಿಮೆಯಾಗಲಿದೆ ಎಂದರು. ಮುಖ್ಯ ಕಾರಣ ಚೀನಾದ ಮಾರುಕಟ್ಟೆಯಾದರೂ, ಜನ ಅಗ್ಗದ ದರದಲ್ಲಿ ಬ್ಯಾಟರಿ ಬದಲಿಸಿಕೊಂಡದ್ದನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಿದ್ದರು. ಅಂದರೆ ಹೊಸ ಫೋನು ಬೇಕೆಂದುಕೊಂಡಿದ್ದ ಎಷ್ಟೋ ಮಂದಿಗೆ ಬೇಕಾಗಿದ್ದುದು ಹೊಸ ಬ್ಯಾಟರಿ ಮಾತ್ರ!

ಲ್ಯಾಪ್‌ಟಾಪಿನದೂ ಹೆಚ್ಚು ಕಡಿಮೆ ಇದೇ ಪಾಡು. 'ಆನ್ ಮಾಡಿ ಕಾಫಿ ಕುಡಿದು ಬರಬಹುದು' ಎನ್ನುವಷ್ಟು ನಿಧಾನವಾದ ಹಳೆಯ ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರಕ್ಕೆ ಮರುಜನ್ಮ ಬಂದಂತೆ. ಜಾಗವಿದ್ದರೆ ರ‍್ಯಾಮ್ ಹೆಚ್ಚಿಸಬಹುದು. ತೆಳ್ಳಗಿನ ಕೆಲವು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಏನೂ ಮಾಡುವಂತಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಏರಲಾಗದ ಯಂತ್ರವೆಲ್ಲ ಗುಜರಿಗೆ ಎಂದು ಅಂಗಡಿಯವರು ಹೇಳಬಹುದು. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡು ಇನ್ನೂ ಕೆಲವು ವರ್ಷ ದುಡಿಸಿಕೊಳ್ಳುವುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕಷ್ಟವೇನಲ್ಲ, ಕಲಿತಂತೆಯೂ ಆಯಿತು.

ಹಾಗೆಂದು ಎಲ್ಲವನ್ನೂ ರಿಪೇರಿ ಮಾಡಿಸುತ್ತಲೇ ಇರಬೇಕೆಂದಲ್ಲ. ಬೋರ್ಡೇ ಹೋಗಿದ್ದರೆ, ಬ್ಯಾಟರಿಯ ಜತೆ ಡಿಸ್‌ಪ್ಲೇ ಕಾಂಬೋ ಕೂಡ ಹೋಗಿದ್ದರೆ, ಒಟ್ಟು ಖರ್ಚು ಹೊಸದರ ಬೆಲೆಯ ಅರ್ಧ ದಾಟುತ್ತದೆ ಎನ್ನುವಂತಿದ್ದರೆ ಅದು ಮೂಗಿಗಿಂತ ಮೂಗುತಿ ಭಾರ. ಕಂಪನಿಯಿಂದ ಭದ್ರತಾ ಅಪ್‌ಡೇಟ್ ಬರುವುದು ನಿಂತು ಬಹಳ ದಿನವಾದ ಫೋನಿನಲ್ಲಿ ಬ್ಯಾಂಕಿನ, ಯುಪಿಐ ವ್ಯವಹಾರ ಇಟ್ಟುಕೊಳ್ಳುವುದು ಕ್ಷೇಮವಲ್ಲ. ಕೊಳ್ಳುವಾಗಲೇ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆಂದು ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಂದಿಲ್ಲ. ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರಲ್ಲಿ ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷದ ಭರವಸೆ ಕೊಟ್ಟವು. ಅಗ್ಗದ ಫೋನುಗಳ ಆಯುಸ್ಸು ಇದಕ್ಕಿಂತ ಬಹಳ ಕಡಿಮೆ. ಇನ್ನು ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳ ಏಳುತ್ತಿದ್ದರೆ ಲೆಕ್ಕಾಚಾರಕ್ಕೇ ಕೂರಬಾರದು. ತಕ್ಷಣ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಚುಚ್ಚದೆ, ಒತ್ತದೆ ರಿಪೇರಿಯವರಿಗೆ ಒಪ್ಪಿಸಬೇಕು. ಮನೆಯ ಕಸದ ಬುಟ್ಟಿಗಂತೂ ಹಾಕಲೇಬಾರದು.

ರಿಪೇರಿಗೆ ಕೊಡುವ ಮುನ್ನ ಫೋಟೊ, ಕಡತಗಳನ್ನೆಲ್ಲ ಬೇರೆಡೆ ಉಳಿಸಿಕೊಳ್ಳಬೇಕು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ದರ ಕೇಳಿಕೊಂಡು ಬಂದು, ಆಮೇಲೆ ಹೊರಗಿನ ಅಂಗಡಿಯಲ್ಲಿ ವಿಚಾರಿಸುವುದು ಒಳ್ಳೆಯದು. ಅತಿ ಅಗ್ಗಕ್ಕೆ ಹಾಕಿಕೊಡುವ ಬ್ಯಾಟರಿ ಒರಿಜಿನಲ್ ಆಗಿರುವುದು ಅಪರೂಪ. ಬಿಲ್ಲು ಕೇಳಿ, ಗ್ಯಾರಂಟಿ ಎಷ್ಟು ತಿಂಗಳೆಂದು ಬರೆಸಿಕೊಳ್ಳಿ. ಒಮ್ಮೆ ಬಿಚ್ಚಿದ ಫೋನು ನೀರಿಗೆ ಮೊದಲಿನಷ್ಟು ಜಗ್ಗದೆ ನಿಲ್ಲುತ್ತದೆಂದು ನಂಬಬೇಡಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಎಂಬ ಜಾಲತಾಣ ತೆರೆದದ್ದು ರಿಪೇರಿಯ ಮಾಹಿತಿ ಗ್ರಾಹಕರಿಗೆ ಒಂದೇ ಕಡೆ ಸಿಗಲೆಂದೇ.

"ಅಷ್ಟೆಲ್ಲ ಯಾಕೆ, ಹಂಪಿ ದುಡ್ಡು ಹಾಗೇ ಇರ್ಲಿ, ಫೋನನ್ನು ಕಂತಿನಲ್ಲಿ ತಗೊಂಡ್ರಾಯ್ತು, ಬಡ್ಡಿನೇ ಇಲ್ವಂತೆ" ಎನ್ನುವವರೂ ಇದ್ದಾರೆ. ಬಡ್ಡಿಯಿಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ತಪ್ಪುವುದು, ಪ್ರೊಸೆಸಿಂಗ್ ಶುಲ್ಕ ಸೇರುವುದು, ಹೀಗೆ ಬಡ್ಡಿ ವೇಷ ಮರೆಸಿಕೊಂಡು ಬರುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಹಾಸ್ಟೆಲಿನ ಕೋಣೆಯಲ್ಲಿ ಮೂವರು ಗೆಳತಿಯರ ಕೈಯಲ್ಲಿ ಹೊಸ ಫೋನಿರುವಾಗ ತನಗೂ ಬೇಕೆನಿಸುವುದು ತಪ್ಪಲ್ಲ. ಇಪ್ಪತ್ತರ ವಯಸ್ಸಿಗೆ ಅದು ಸಹಜ. ಆದರೆ 'ಆಸೆ' ಎಂದು ಹೇಳಿದರೆ ಮನೆಯವರು ಕೂತು ಲೆಕ್ಕ ಹಾಕಿ, ಮುಂದಿನ ವರ್ಷ ನೋಡೋಣ ಎನ್ನಬಹುದು. 'ಓದು' ಎಂದು ಹೇಳಿದರೆ ಅಮ್ಮ ಲೆಕ್ಕವನ್ನೇ ಹಾಕುವುದಿಲ್ಲ, ನೇರ ಬೀರುವಿನ ಬಳಿಗೆ ಹೋಗುತ್ತಾರೆ. ಆ ವ್ಯತ್ಯಾಸ ಮಕ್ಕಳಿಗೆ ಗೊತ್ತಿರುತ್ತದೆ.

ಈಗ ಹಂಪಿಗೆ ಬರೋಣ. ಈ ತಲೆಮಾರಿನ ದಂಪತಿಗಳು ಊರು ಸುತ್ತಿಲ್ಲವೆಂದಲ್ಲ. ಧರ್ಮಸ್ಥಳ, ತಿರುಪತಿ, ನೆಂಟರ ಮದುವೆ, ಶಾಲೆಯ ಪ್ರವಾಸ ಎಲ್ಲವೂ ಆಗಿದೆ. ಇಬ್ಬರೇ ಹೋದದ್ದು ಮಾತ್ರ ಮದುವೆಯಾದ ಹೊಸತರಲ್ಲಿ. "ಈ ವಯಸ್ಸಿನಲ್ಲಿ ಇಬ್ಬರೇ ಹೋದರೆ ನೋಡಿದವರು ಏನಂದುಕೊಳ್ತಾರೆ?" ಎಂಬ ಸಂಕೋಚ ಬೇರೆ. ಮನೆಯಲ್ಲಿ ಅತ್ತೆಯವರಿದ್ದರೆ ಮೂರು ದಿನ ಅವರ ಊಟ, ಮಾತ್ರೆ ಯಾರು ನೋಡಬೇಕು? ಪ್ರವಾಸ ತಪ್ಪಿಸಲು ಕಾರಣ ಹುಡುಕಬೇಕಾಗಿಯೇ ಇಲ್ಲ, ತಾವಾಗಿ ಒದಗಿ ಬರುತ್ತವೆ.

ಹಂಪಿ ಓಡಿಹೋಗುವುದಿಲ್ಲ, ನಿಜ. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಕಲ್ಲಿನ ಊರು ಇನ್ನೂ ನೂರಾರು ವರ್ಷ ಅಲ್ಲೇ ಇರುತ್ತದೆ. ಆದರೆ ಮಾತಂಗ ಬೆಟ್ಟದ ಮೆಟ್ಟಿಲು ಹತ್ತಲು ಮಂಡಿ ಒಪ್ಪಬೇಕಲ್ಲ! ಐವತ್ತರ ಹೊಸ್ತಿಲಲ್ಲಿ ಹತ್ತಿದ ಬೆಟ್ಟವನ್ನು ಅರವತ್ತೈದರಲ್ಲಿ ಕೆಳಗೆ ನಿಂತು ನೋಡಬೇಕಾಗಬಹುದು. ಮಂಡಿಯನ್ನೂ ಬದಲಿಸುತ್ತಾರೆ ಈಗ, ಅದು ಬೇರೆ ಮಾತು. ಅದರ ಖರ್ಚಿನಲ್ಲಿ ಎಷ್ಟು ಬಾರಿ ಹಂಪಿಗೆ ಹೋಗಿ ಬರಬಹುದೆಂದು ಅಪ್ಪನೇ ಲೆಕ್ಕ ಹಾಕಲಿ.

ಮಂಡ್ಯದವರಿಗೆ ಹಂಪಿ ದೂರವೂ ಅಲ್ಲ. ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯೆಲ್ಲ ನಿದ್ದೆ, ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಹದಿಮೂರು ಕಿಲೋಮೀಟರಷ್ಟೇ, ಬಸ್ಸು ಆಟೊ ಎರಡೂ ಉಂಟು. ಹೊಸಪೇಟೆಯಲ್ಲಿ ಎಲ್ಲ ದರದ ವಸತಿಗೃಹಗಳಿವೆ, ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ. ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಯಾರಾದರೂ ನೆನಪಿಸಿದರೆ ನಂಬಿಕೊಂಡು ಹೋಗಬೇಡಿ. ಸುಪ್ರೀಂ ಕೋರ್ಟ್ ಆದೇಶದ ನಂತರ 2020ರಲ್ಲಿ ಅವನ್ನು ಕೆಡವಲಾಯಿತು.

ನವೆಂಬರಿನಿಂದ ಫೆಬ್ರುವರಿವರೆಗೆ ಹೋದರೆ ಬಂಡೆಗಳ ಕಾವು ಸಹಿಸಬಹುದು. ಬೇಸಿಗೆಯಲ್ಲಿ ಹೋದರೆ ಕಾದ ಹಂಚಿನ ಮೇಲೆ ನಡೆದ ಹಾಗೆ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಬೇಕು. ವಾಹನ ನಿಲ್ಲಿಸುವ ಜಾಗದಿಂದ ಬ್ಯಾಟರಿ ಗಾಡಿಗಳಿರುವುದರಿಂದ ನಡೆಯಲಾರದವರಿಗೂ ತೊಂದರೆಯಿಲ್ಲ. ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ವಿಜ್ಞಾನ ಓದುವ ಮಗಳಿಗೆ ಬಂದು ಹೇಳಬಹುದು. ಮೂರು ದಿನ ಆಗದಿದ್ದರೆ ಎರಡು ದಿನವಾದರೂ ಸಾಕು. ಮೂರನೇ ದಿನಕ್ಕೆ ಹಟ ಹಿಡಿದು ಎರಡು ದಿನವನ್ನೂ ಕಳೆದುಕೊಂಡವರು ಬಹಳ.

ಆದರೆ ದಿನಾಂಕ ಮಾತ್ರ ಈಗಲೇ ಗೊತ್ತಾಗಬೇಕು. ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕಿಳಿದಿದೆ. ನವೆಂಬರ್ ಕೊನೆಯ ವಾರ ಹೊರಡಬೇಕಾದರೆ ಸೆಪ್ಟೆಂಬರ್ ಕೊನೆಯಲ್ಲಿ ಟಿಕೆಟ್ ಸಿಗುತ್ತದೆ. ಆಗಸ್ಟಿನಲ್ಲಿ ಬೀರು ಬರಿದಾದರೆ ಸೆಪ್ಟೆಂಬರಿನಲ್ಲಿ ಯಾರೂ ಆ ಮಾತೇ ಎತ್ತುವುದಿಲ್ಲ.

ಅಂದ ಹಾಗೆ, 2017ರಲ್ಲಿ ಹೊರಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವುದು ಹಂಪಿಯ ಕಲ್ಲಿನ ರಥ. ತರಕಾರಿಯವನಿಗೆ, ಹೂವಿನವಳಿಗೆ ಅದನ್ನು ಎಣಿಸಿ ಕೊಡುತ್ತಲೇ ಇರುವ ಅಮ್ಮ ನಿಜವಾದ ರಥವನ್ನು ಇನ್ನೂ ನೋಡಿಲ್ಲ.

ಊಹೆಯ ಮನೆಯಲ್ಲಿ ಊಹೆಗೇನು ಬರ? ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ, ಬುಕಿಂಗ್ ತೆರೆಯುವ ಎಂಟು ಗಂಟೆಗೆ ಸರಿಯಾಗಿ, ಮಗಳು ಹೊಸ ಬ್ಯಾಟರಿ ಹಾಕಿಸಿದ ಹಳೆಯ ಫೋನು ಹಿಡಿದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಹದಿನೈದು ನಿಮಿಷದ ಮೇಲೆ ಮಂಡ್ಯಕ್ಕೆ ಕರೆ ಹೋಗುತ್ತದೆ.

"ಅಪ್ಪಾ, ಟಿಕೆಟ್ ಆಯ್ತು. ಅಮ್ಮಂಗೆ ಕೆಳಗಿನ ಬರ್ತ್ ಸಿಕ್ಕಿದೆ. ನೀವು ಮೇಲೆ ಹತ್ತಬೇಕು."

"ಹತ್ತೋಣ ಬಿಡು. ಬರೋವಾಗಿನದು?"

"ಅದು ಮೂರು ದಿನ ಬಿಟ್ಟು ಓಪನ್ ಆಗುತ್ತೆ. ಅಜ್ಜೀನ ನೋಡ್ಕೊಳ್ಳೋಕೆ ನಾನು ಆ ಮೂರು ದಿನ ಊರಿಗೆ ಬರ್ತೀನಿ ಅಂತ ಅಮ್ಮಂಗೆ ಹೇಳಿ."