ಲಾನ್ ಗೊಬ್ಬರ ಅಗ್ಗವೋ ದುಬಾರಿಯೋ? ಬೆಲೆಗಿಂತ ಮೊದಲು ಪೊಟ್ಟಣದ ಮೇಲಿನ ಮೂರು ಸಂಖ್ಯೆ ನೋಡಿ

'ಬರೀ 350 ರೂಪಾಯಿ! ಒಂದು ಬಾಟಲಿ ಸಿಂಪಡಿಸಿ, ಮೂರೇ ದಿನದಲ್ಲಿ ಹುಲ್ಲು ಹಚ್ಚಹಸಿರು!' ಇಂಥ ವಿಡಿಯೊಗಳು ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ, ಕೈತೋಟದ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಎಡಗಡೆ ಹಳದಿ ಹುಲ್ಲು, ಬಲಗಡೆ ಹಸಿರು ಹುಲ್ಲು, ಕೆಳಗೆ ಕೊಳ್ಳಲು ಲಿಂಕ್. ಮನೆ ಮುಂದೆ ಹತ್ತಡಿ ಜಾಗ ಇರುವವರಿಗೆ ಇದು 350 ರೂಪಾಯಿಯ ಮಾತು. ನಿವಾಸಿಗಳ ಸಂಘದ ದುಡ್ಡಿನಲ್ಲಿ ದೊಡ್ಡ ಲಾನ್ ನೋಡಿಕೊಳ್ಳುವವರಿಗೆ ವರ್ಷಕ್ಕೆ ಹಲವು ಸಾವಿರದ ಮಾತು. ಯಾವ ಗೊಬ್ಬರ ಕೊಟ್ಟ ಕಾಸಿಗೆ ತಕ್ಕದ್ದು ಎಂದು ತಿಳಿಯಲು ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಸಾಕು.

ಆ ಮೂರು ಸಂಖ್ಯೆ ಏನು ಹೇಳುತ್ತವೆ?

ಗೊಬ್ಬರದ ಪೊಟ್ಟಣದ ಮೇಲೆ 19:19:19 ಅಥವಾ 18:46:0 ಎಂದು ಮೂರು ಸಂಖ್ಯೆ ಇರುತ್ತವೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಮೂರೂ ನೂರು ಗ್ರಾಂ ಗೊಬ್ಬರದಲ್ಲಿ ಎಷ್ಟು ಗ್ರಾಂ ಎಂಬ ಲೆಕ್ಕ. ಎಲೆಯ ಹಸಿರಿಗೂ ಬೆಳವಣಿಗೆಗೂ ಹುಲ್ಲು ಹೆಚ್ಚಾಗಿ ಕೇಳುವುದು ಸಾರಜನಕವನ್ನು. ಆದ್ದರಿಂದ ಲಾನ್ ಗೊಬ್ಬರ ಕೊಳ್ಳುವಾಗ ನಾವು ಮುಖ್ಯವಾಗಿ ಕೊಳ್ಳುವುದು ಸಾರಜನಕವನ್ನೇ. ಉಳಿದ ತೂಕ, ಬಣ್ಣದ ಡಬ್ಬಿ, 'ಪ್ರೀಮಿಯಂ', 'ಬೂಸ್ಟರ್' ಎಂಬ ಹೆಸರು ಇವೆಲ್ಲ ಹುಲ್ಲಿಗೆ ಲೆಕ್ಕಕ್ಕಿಲ್ಲ.

ಲೆಕ್ಕ ಹೀಗೆ: ಪೊಟ್ಟಣದ ತೂಕವನ್ನು (ಗ್ರಾಂನಲ್ಲಿ) ಮೊದಲ ಸಂಖ್ಯೆಯಿಂದ ಗುಣಿಸಿ 100ರಿಂದ ಭಾಗಿಸಿದರೆ ಎಷ್ಟು ಗ್ರಾಂ ಸಾರಜನಕ ಇದೆ ಎಂದು ಸಿಗುತ್ತದೆ. ಬೆಲೆಯನ್ನು ಅದರಿಂದ ಭಾಗಿಸಿ, 100ರಿಂದ ಗುಣಿಸಿ. ಅದೇ 100 ಗ್ರಾಂ ಸಾರಜನಕದ ಬೆಲೆ.

ನಾಲ್ಕು ಬಗೆಯ ಗೊಬ್ಬರ ಹೋಲಿಸಿ ನೋಡೋಣ. ಇಲ್ಲಿ ಬೆಲೆಗಳು ಲೆಕ್ಕ ತೋರಿಸಲು ನಾವು ಇಟ್ಟುಕೊಂಡವು, ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ. ಒಂದು ಕೆಜಿ ಅಮೋನಿಯಂ ಸಲ್ಫೇಟ್ 80 ರೂಪಾಯಿ ಎನ್ನೋಣ. ಅದರಲ್ಲಿ ಸಾರಜನಕ ಶೇ. 20.5, ಅಂದರೆ 205 ಗ್ರಾಂ. ಹಾಗಾದರೆ 100 ಗ್ರಾಂ ಸಾರಜನಕಕ್ಕೆ ಸುಮಾರು 39 ರೂಪಾಯಿ. ಒಂದು ಕೆಜಿ 19:19:19 ಪೊಟ್ಟಣ 200 ರೂಪಾಯಿಯಾದರೆ 105 ರೂಪಾಯಿ ಬೀಳುತ್ತದೆ. ಐದು ಕೆಜಿ ಎರೆಗೊಬ್ಬರ 150 ರೂಪಾಯಿ, ಸಾರಜನಕ ಶೇ. 1 ಇದ್ದರೆ 300 ರೂಪಾಯಿ. ಇನ್ನು ವಿಡಿಯೊದಲ್ಲಿ ಬರುವಂಥ ಅರ್ಧ ಲೀಟರ್ ಬಾಟಲಿ 350 ರೂಪಾಯಿ, ಸಾರಜನಕ ಶೇ. 4 ಎಂದಿಟ್ಟುಕೊಳ್ಳಿ. ಅದರೊಳಗೆ ಇರುವುದು ಸುಮಾರು 20 ಗ್ರಾಂ ಮಾತ್ರ. 100 ಗ್ರಾಂಗೆ 1,750 ರೂಪಾಯಿ!

ಇದನ್ನೇ ಜಾಗದ ಲೆಕ್ಕಕ್ಕೆ ತನ್ನಿ. ಬೇಗ ಕರಗುವ ಗೊಬ್ಬರವಾದರೆ 1,000 ಚದರ ಅಡಿ ಲಾನ್‌ಗೆ ಒಂದು ಸಲಕ್ಕೆ ಸುಮಾರು 450 ಗ್ರಾಂ ಸಾರಜನಕವೇ ಮೇಲ್ಮಿತಿ. ಅಮೋನಿಯಂ ಸಲ್ಫೇಟ್ ಆದರೆ 2.2 ಕೆಜಿ, ಹೆಚ್ಚುಕಡಿಮೆ 175 ರೂಪಾಯಿ. ಅಷ್ಟೇ ಸಾರಜನಕವನ್ನು ಆ ಬಾಟಲಿಗಳಿಂದ ಕೊಡಬೇಕೆಂದರೆ 22 ಬಾಟಲಿ ದಾಟುತ್ತದೆ, ಬೆಲೆ 7,800 ರೂಪಾಯಿಯ ಮೇಲೆ. 350 ರೂಪಾಯಿ ಅಗ್ಗ ಅನಿಸಿದ್ದು ಬಾಟಲಿ ಚಿಕ್ಕದಿದ್ದುದರಿಂದ.

ಹಾಗಾದರೆ ಯೂರಿಯಾ ಇನ್ನೂ ಅಗ್ಗವಲ್ಲವೇ ಎಂದು ಕೇಳಬಹುದು. ಹೌದು, ಅದರಲ್ಲಿ ಸಾರಜನಕ ಶೇ. 46. ಆದರೆ ರೈತರಿಗೆ ಅಷ್ಟು ಕಡಿಮೆ ಬೆಲೆಗೆ ಸಿಗುವುದು ಸರ್ಕಾರ ಸಬ್ಸಿಡಿ ತುಂಬಿಕೊಡುವುದರಿಂದ. ಹೊಲಕ್ಕೆಂದು ಬಂದ ಚೀಲವನ್ನು ಅಂಗಳದ ಹುಲ್ಲಿಗೆ ತರುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಹಾಗಾಗಿ ಅದನ್ನು ಹೋಲಿಕೆಯಿಂದ ಹೊರಗಿಟ್ಟಿದ್ದೇವೆ.

'ಎಲೆಗೆ ನೇರ ಸಿಂಪಡಿಸಿದರೆ ಸ್ವಲ್ಪವೇ ಸಾಕು' ಎನ್ನುತ್ತಾರಲ್ಲ?

ಇದರಲ್ಲಿ ಅರ್ಧ ಸತ್ಯ ಇದೆ. ಎಲೆಗಳು ಸಾರಜನಕವನ್ನು ಹೀರಿಕೊಳ್ಳುತ್ತವೆ, ಮಣ್ಣಿನಲ್ಲಿ ಆಗುವ ನಷ್ಟವೂ ಕಡಿಮೆ. ಆದರೆ ಇಲ್ಲದ ಸಾರಜನಕವನ್ನು ಎಲೆ ಸೃಷ್ಟಿಸಲಾರದು. ಚೆನ್ನಾಗಿ ಬೆಳೆದ ಲಾನ್ ಹುಲ್ಲನ್ನು ಒಣಗಿಸಿ ತೂಗಿದರೆ ಅದರಲ್ಲಿ ಶೇ. 3ರಿಂದ 4ರಷ್ಟು ಸಾರಜನಕ ಇರುತ್ತದೆ. ಅಂದರೆ 20 ಗ್ರಾಂ ಸಾರಜನಕದಲ್ಲಿ ಒಂದು ಹನಿಯೂ ಪೋಲಾಗದಿದ್ದರೂ ಅರ್ಧ ಕೆಜಿಯ ಆಸುಪಾಸು ಒಣಹುಲ್ಲು ಬೆಳೆಯಬಹುದು, ಅದಕ್ಕಿಂತ ಹೆಚ್ಚೇನೂ ಅಲ್ಲ.

2021ರಲ್ಲಿ ಇಫ್ಕೊ ಸಂಸ್ಥೆಯ ನ್ಯಾನೊ ಯೂರಿಯಾ ಬಂದಾಗ ಎದ್ದ ಚರ್ಚೆಯೂ ಇದೇ. ಅರ್ಧ ಲೀಟರಿನ ಒಂದು ಬಾಟಲಿ 45 ಕೆಜಿಯ ಒಂದು ಚೀಲಕ್ಕೆ ಸಮ ಎಂದು ಪ್ರಚಾರವಾಯಿತು. ಮೊದಲು ಬಂದ ಬಾಟಲಿಯಲ್ಲಿ ಶೇ. 4ರ ಪ್ರಕಾರ ಇದ್ದದ್ದು 20 ಗ್ರಾಂ ಸಾರಜನಕ. ಚೀಲದಲ್ಲಿ 20 ಕೆಜಿಗೂ ಹೆಚ್ಚು. ಕಣಗಳು ಅತಿ ಚಿಕ್ಕದಾದ್ದರಿಂದ ಬೆಳೆ ಅವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ ಎಂಬುದು ಸಂಸ್ಥೆಯ ವಾದ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಮಾತ್ರ, ಯೂರಿಯಾ ಕಡಿತ ಮಾಡಿ ಅದರ ಬದಲು ಇದನ್ನು ಸಿಂಪಡಿಸಿದ ಭತ್ತ ಮತ್ತು ಗೋಧಿಯ ಇಳುವರಿ ಇಳಿದಿತ್ತು. ಲಾನ್ ಬಾಟಲಿಯ ಬಗ್ಗೆಯೂ ಇಂಥದ್ದೇ ಮಾತು ಕೇಳಿದರೆ ಮೊದಲು ಶೇಕಡಾವಾರು ಪ್ರಮಾಣ ಕೇಳಿ.

ಮೂರು ದಿನದಲ್ಲಿ ಹಸಿರಾಗಿದ್ದು ಸುಳ್ಳೇ?

ಸುಳ್ಳಾಗಬೇಕಿಲ್ಲ. ಕಬ್ಬಿಣದ ಅಂಶ, ಅಂದರೆ ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಒಂದೆರಡು ದಿನದಲ್ಲೇ ಹುಲ್ಲಿನ ಬಣ್ಣ ಗಾಢವಾಗುತ್ತದೆ. ಆದರೆ ಅದು ಬಣ್ಣ ಮಾತ್ರ, ಬೆಳವಣಿಗೆಯಲ್ಲ. ತೆಳುವಾಗಿದ್ದ ಹುಲ್ಲು ತೆಳುವಾಗಿಯೇ ಇರುತ್ತದೆ. ಸಿಮೆಂಟಿನ ಕಾಲುದಾರಿಗೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ತೊಳೆದರೂ ಸುಲಭಕ್ಕೆ ಹೋಗದು. ಎಪ್ಸಮ್ ಉಪ್ಪಿನ ಬಗ್ಗೆಯೂ ಫಾರ್ವರ್ಡ್‌ಗಳಿಗೆ ಬರವಿಲ್ಲ. ಅದು ಮೆಗ್ನೀಸಿಯಂ ಸಲ್ಫೇಟ್. ಅದರಲ್ಲಿ ಸಾರಜನಕ ಸೊನ್ನೆ. ಮಣ್ಣಿನಲ್ಲಿ ಮೆಗ್ನೀಸಿಯಂ ಕೊರತೆ ಇದ್ದರೆ ಮಾತ್ರ ಅದರಿಂದ ಉಪಯೋಗ.

ದುಬಾರಿಯಾದರೂ ಬೆಲೆ ಬಾಳುವ ಗೊಬ್ಬರ

ಗ್ರಾಂ ಲೆಕ್ಕದಲ್ಲಿ ಅಗ್ಗವಾದದ್ದೇ ಯಾವಾಗಲೂ ಒಳ್ಳೆಯದು ಎಂದಲ್ಲ. ಬೇಗ ಕರಗುವ ಗೊಬ್ಬರ ಒಮ್ಮೆಲೇ ಸಿಗುತ್ತದೆ, ಜೋರು ಮಳೆ ಬಂದರೆ ಕೊಚ್ಚಿಯೂ ಹೋಗುತ್ತದೆ. ಕೈ ತಪ್ಪಿ ಎರಡು ಪಟ್ಟು ಬಿದ್ದರೆ ಹುಲ್ಲಿನ ತುದಿ ಸುಟ್ಟು ಕಂದಾಗುತ್ತದೆ. ಎರಚಿದ ಕೂಡಲೇ ನೀರು ಹಾಯಿಸಲೇಬೇಕು. ನಿಧಾನವಾಗಿ ಬಿಡುಗಡೆಯಾಗುವ, ಮೇಲೆ ಲೇಪನವಿರುವ ಹರಳು ಗೊಬ್ಬರ ಹಲವು ವಾರ ಸ್ವಲ್ಪಸ್ವಲ್ಪವೇ ಕೊಡುತ್ತದೆ. ಅದಕ್ಕೆ ಎರಡು ಮೂರು ಪಟ್ಟು ಬೆಲೆ ಕೊಟ್ಟರೂ ಕೆಲವರಿಗೆ ಲಾಭವೇ, ಏಕೆಂದರೆ ಮಾಲಿಯ ಕೂಲಿ ಉಳಿಯುತ್ತದೆ. ಆದರೆ ಎಷ್ಟು ಭಾಗ ನಿಧಾನವಾಗಿ ಬಿಡುಗಡೆಯಾಗುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಬರೀ 'ಲಾಂಗ್ ಲಾಸ್ಟಿಂಗ್' ಎಂಬ ಪದಕ್ಕೆ ದುಡ್ಡು ಕೊಡಬೇಡಿ.

ನಮ್ಮ ಕಡೆ ಹಿಂದಿನಿಂದಲೂ ಬಳಕೆಯಲ್ಲಿರುವ ಹಿಂಡಿಯೂ ಒಂದು ರೀತಿಯಲ್ಲಿ ನಿಧಾನ ಗೊಬ್ಬರವೇ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಸುಮಾರು ಶೇ. 7, ಬೇವಿನ ಹಿಂಡಿಯಲ್ಲಿ ಸುಮಾರು ಶೇ. 5. ಮಣ್ಣಿನ ಸೂಕ್ಷ್ಮಜೀವಿಗಳು ಒಡೆದ ಮೇಲೆಯೇ ಅದು ಹುಲ್ಲಿಗೆ ಸಿಗುವುದರಿಂದ ಸುಡುವ ಭಯ ಕಡಿಮೆ. ಕೆಜಿಗೆ 60 ರೂಪಾಯಿ ಕೊಟ್ಟು ಕಡಲೆಕಾಯಿ ಹಿಂಡಿ ತಂದರೆ 100 ಗ್ರಾಂ ಸಾರಜನಕಕ್ಕೆ 86 ರೂಪಾಯಿ. ನಾಜೂಕು ಡಬ್ಬಿಯ ಎಷ್ಟೋ ಗೊಬ್ಬರಗಳಿಗಿಂತ ಇದು ವಾಸಿ. ಇರುವೆ, ವಾಸನೆ, ಅಗೆಯಲು ಬರುವ ನಾಯಿ ಇವನ್ನು ಸಹಿಸಿಕೊಳ್ಳಬೇಕು ಅಷ್ಟೆ. ಎರೆಗೊಬ್ಬರದ ಮಾತು ಬೇರೆ. ಅದನ್ನು ಸಾರಜನಕದ ತಕ್ಕಡಿಯಲ್ಲಿ ತೂಗಿದರೆ ಸೋಲುತ್ತದೆ, ಆದರೆ ಗಟ್ಟಿಯಾದ ಮಣ್ಣನ್ನು ಸಡಿಲ ಮಾಡಲು, ನೀರು ಹಿಡಿದಿಡಲು ಕೊಳ್ಳುವುದಾದರೆ ಆ ದುಡ್ಡು ದಂಡವಲ್ಲ.

ರಂಜಕಕ್ಕೆ ಸುಮ್ಮನೆ ಹಣ ಸುರಿಯುವುದೂ ಸಾಮಾನ್ಯ. ಬೇರೂರಿದ ಲಾನ್‌ಗೆ ಅದು ಬೇಕಾಗುವುದು ಸ್ವಲ್ಪವೇ. ಕೆರೆಗೆ ಹರಿದು ಹೋದರೆ ಪಾಚಿ ಬೆಳೆಸುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಮಿನ್ನೆಸೋಟದಲ್ಲಿ 2005ರಿಂದ ರಾಜ್ಯದಾದ್ಯಂತ ರಂಜಕವಿರುವ ಲಾನ್ ಗೊಬ್ಬರಕ್ಕೆ ನಿರ್ಬಂಧವಿದೆ. ಹೊಸ ಲಾನ್ ಹಾಕುವಾಗ, ಅಥವಾ ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಂಡಾಗ ವಿನಾಯಿತಿ. ನಮ್ಮಲ್ಲೂ ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು ಮಣ್ಣು ಪರೀಕ್ಷೆ ಮಾಡಿಕೊಡುತ್ತವೆ. ದೊಡ್ಡ ಲಾನ್ ಇರುವ ಸಂಘಗಳು ಮುಂದಿನ ಖರೀದಿಗೆ ಮೊದಲು ಒಮ್ಮೆ ಮಾಡಿಸಿದರೆ ಎರಡನೆಯ, ಮೂರನೆಯ ಸಂಖ್ಯೆಗೆ ದುಡ್ಡು ಕೊಡಬೇಕೋ ಬೇಡವೋ ತಿಳಿಯುತ್ತದೆ.

ಇನ್ನು ಕತ್ತರಿಸಿದ ಹುಲ್ಲು. ಬಹಳ ಕಡೆ ಅದನ್ನು ಗುಡಿಸಿ, ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕುತ್ತಾರೆ. ಆ ಚೂರುಗಳಲ್ಲೇ ಶೇ. 3–4 ಸಾರಜನಕ ಇದೆ ಎಂದು ಮೇಲೆ ನೋಡಿದೆವು. ಅಲ್ಲೇ ಬಿಟ್ಟರೆ ವರ್ಷಕ್ಕೆ ಬೇಕಾಗುವ ಸಾರಜನಕದಲ್ಲಿ ಕಾಲು ಭಾಗದವರೆಗೂ ಅದರಿಂದಲೇ ಸಿಗುತ್ತದೆ. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ, ಆಗ ಚೂರುಗಳು ಚಿಕ್ಕದಾಗಿ ಒಳಗಿಳಿದು ಬೇಗ ಕೊಳೆಯುತ್ತವೆ. ಒದ್ದೆಯಿದ್ದು ಮುದ್ದೆಗಟ್ಟಿದ್ದರೆ ಮಾತ್ರ ಕುಂಟೆಯಿಂದ ಹರಡಿ.