ವಿಶ್ರಾಂತಿಯ ದಿನಗಳು: ಸಿನಿಮಾ ನೋಡಿ, ಕಾಲು ಮರೆಯಬೇಡಿ

ಹುಬ್ಬಳ್ಳಿ, ಧಾರವಾಡ ಅಥವಾ ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿಕೊಂಡು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಮನೆಗೆ ಮರಳುವವರಿಗೆ ವೈದ್ಯರು ಕೆಲವು ವಾರಗಳ ವಿಶ್ರಾಂತಿ ಹೇಳಿರುತ್ತಾರೆ. ಮೊದಲ ಒಂದೆರಡು ದಿನ ನಿದ್ದೆಯಲ್ಲೇ ಕಳೆದುಹೋಗುತ್ತವೆ. ಆಮೇಲೆ ಹೊತ್ತು ಹೋಗುವುದಿಲ್ಲ. ಮಳೆಗಾಲವಾದರಂತೂ ಅಂಗಳಕ್ಕೂ ಇಳಿಯುವಂತಿಲ್ಲ. ಆಗ ಕೈ ಮೊಬೈಲಿಗೆ ಹೋಗುತ್ತದೆ. ಹಳೆಯ ಸಿನಿಮಾ, ಹೊಸ ವೆಬ್ ಸರಣಿ, ಒಂದಾದ ಮೇಲೊಂದು.

ಒಳ್ಳೆಯ ಕಥೆಯಲ್ಲಿ ಮನಸ್ಸು ತೊಡಗಿದರೆ ನೋವಿನ ಕಡೆ ಗಮನ ಕಡಿಮೆಯಾಗುತ್ತದೆ, ಬೇಸರವೂ ತಗ್ಗುತ್ತದೆ. ಆದರೆ ನಾಲ್ಕೈದು ಗಂಟೆ ಅಲುಗಾಡದೆ ನೋಡುತ್ತಾ ಮಲಗಿದರೆ ಅದೇ ವಿಶ್ರಾಂತಿ ಹೊಸ ಕಾಯಿಲೆ ತರಬಹುದು.

ಅಪಾಯ ಎಲ್ಲಿದೆ?

ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತವೆ. ಬಹಳ ಹೊತ್ತು ಕಾಲು ಆಡಿಸದಿದ್ದರೆ ರಕ್ತದ ಹರಿವು ನಿಧಾನವಾಗಿ ಹೆಪ್ಪುಗಟ್ಟಬಹುದು. ದೊಡ್ಡ ಆಪರೇಷನ್, ಕಾಲಿನ ಮೂಳೆ ಮುರಿತ, ಹೆರಿಗೆ, ಇವುಗಳ ನಂತರದ ವಾರಗಳಲ್ಲಿ ಈ ಅಪಾಯ ಹೆಚ್ಚು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ, ಬಿಸಿಯಾಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಏಕಾಏಕಿ ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಜೋಯಿಡಾದ ಕಾಡಿನ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆ ದೂರ. ಬೆಳಗಾಗಲಿ ಎಂದು ಕಾಯುತ್ತಾ ಕೂರಬೇಡಿ.

ಐದು ಹೊತ್ತಿನ ವಿರಾಮ

ಟಾಕೀಸಿನ ಸಿನಿಮಾಕ್ಕೆ ಮಧ್ಯಂತರ ಇರುತ್ತದೆ, ಜನ ಎದ್ದು ಓಡಾಡುತ್ತಾರೆ. ವೆಬ್ ಸರಣಿಯಲ್ಲಿ ಒಂದು ಕಂತು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಮುಂದಿನದು ತಾನಾಗಿ ಶುರುವಾಗುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಮೆಚ್ಚಿ ನೋಡುವ ತುರ್ಕಿಯ 'ಎರ್ತುಗ್ರುಲ್' ಸರಣಿ 2014ರಿಂದ 2019ರವರೆಗೆ ಐದು ಸೀಸನ್ ಓಡಿತು. ಮೂಲದಲ್ಲಿ ಒಂದೊಂದು ಕಂತು ಸುಮಾರು ಎರಡು ಗಂಟೆ! ಆದ್ದರಿಂದ ಮೊದಲು ಮಾಡಬೇಕಾದದ್ದು, ಸೆಟ್ಟಿಂಗ್‌ನಲ್ಲಿ ಆಟೋಪ್ಲೇ ಬಂದ್ ಮಾಡುವುದು.

ಎರಡನೆಯದು, ಪ್ರತಿ ಅಝಾನಿಗೆ ಮೊಬೈಲ್ ಕೆಳಗಿಡುವುದು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ), ನಿಂತು ನಮಾಝ್ ಮಾಡಿ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡಿ ಎಂದು ತಿಳಿಸಿದ್ದು ಬುಖಾರಿಯಲ್ಲಿದೆ. ವೈದ್ಯರು ನಡೆಯಲು ಹೇಳಿದ್ದರೆ ವುಝೂಗೆ ನೀವೇ ಎದ್ದು ಹೋಗಿ, ಪಡಸಾಲೆಯಲ್ಲಿ ನಾಲ್ಕು ಸುತ್ತು ಹಾಕಿ. ಗಾಯಕ್ಕೆ ನೀರು ತಾಗಬಾರದೆಂದರೆ ಏನು ಮಾಡಬೇಕೆಂದು ಉಲಮಾಗಳಲ್ಲಿ ಕೇಳಿಕೊಳ್ಳಿ. ನಮಾಝ್‌ಗಳ ನಡುವೆಯೂ ಗಂಟೆಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಹತ್ತು ಹದಿನೈದು ಸಲ ಆಡಿಸಿ. ಪ್ಲಾಸ್ಟರ್ ಹಾಕಿದ್ದರೆ ವೈದ್ಯರು ಹೇಳಿದಷ್ಟೇ ಮಾಡಿ.

ಇಶಾ ನಂತರ ಹರಟೆ ಹೊಡೆಯುತ್ತಾ ಕೂರುವುದನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಮೊಬೈಲಿನ ಬೆಳಕು, ಕಥೆಯ ಕುತೂಹಲ ಎರಡೂ ನಿದ್ದೆ ಕೆಡಿಸುತ್ತವೆ. ಗಾಯ ಮಾಯಲು ನಿದ್ದೆ ಬೇಕೇ ಬೇಕು. ಇಶಾ ಆದ ಮೇಲೆ ಸಿನಿಮಾ ಬೇಡ.

ಯಾವುದನ್ನು ನೋಡಬಹುದು?

ಹಿಂದೆ ನೋಡಿದ ಹಳೆಯ ಚಿತ್ರಗಳೇ ರೋಗಿಗೆ ಹಿತ. ಕೊನೆ ಗೊತ್ತಿರುವುದರಿಂದ ನಡುವೆ ನಿಲ್ಲಿಸಬಹುದು, ನಿದ್ದೆ ಬಂದರೆ ಮಲಗಬಹುದು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಕಂತುಗಳು ಚಿಕ್ಕವು. ಇರಾನಿನ ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997) ಒಂದೇ ಜೊತೆ ಬೂಟು ಹಂಚಿಕೊಳ್ಳುವ ಅಣ್ಣ ತಂಗಿಯ ಕಥೆ. ಒಂದೂವರೆ ಗಂಟೆಯ ಈ ಚಿತ್ರವನ್ನು ಮಕ್ಕಳ ಜೊತೆ ನೋಡಬಹುದು. 'ದಿ ಮೆಸೇಜ್' (1976) ಸುಮಾರು ಮೂರು ಗಂಟೆ. ಅದನ್ನು ಮೂರು ದಿನಕ್ಕೆ ಹಂಚಿಕೊಳ್ಳಿ. ಸಿನಿಮಾ ಬೇಡವೆನ್ನುವ ಮನೆಗಳಲ್ಲಿ ಕಿರಾಅತ್, ನಾತ್ ಕೇಳಬಹುದು. ಕಣ್ಣಿಗೂ ವಿಶ್ರಾಂತಿ.

ಹೃದಯದ ತೊಂದರೆಯಿಂದ ಚೇತರಿಸಿಕೊಳ್ಳುತ್ತಿರುವವರು ಹೊಡೆದಾಟ, ಭೂತ ಪ್ರೇತದ ಚಿತ್ರಗಳಿಂದ ದೂರವಿರಿ. ಎದೆಬಡಿತ, ಬಿಪಿ ಏರುತ್ತವೆ. ಹೊಟ್ಟೆಯ ಆಪರೇಷನ್ ಆದವರಿಗೆ ನಗು ಬಂದರೆ ಹೊಲಿಗೆ ಎಳೆದಂತಾಗುತ್ತದೆ. ಆಗ ಹೊಟ್ಟೆಗೆ ಮೆತ್ತನೆಯ ದಿಂಬು ಒತ್ತಿ ಹಿಡಿಯಿರಿ. ತಲೆಗೆ ಪೆಟ್ಟು ಬಿದ್ದವರು ಮೊದಲ ಎರಡು ದಿನ ಮೊಬೈಲ್, ಟಿ.ವಿ. ಬಿಡುವುದು ಒಳ್ಳೆಯದು.

ಸ್ವಚ್ಛತೆಯ ಮಾತು

ಮೊಬೈಲ್ ಮನೆಯವರೆಲ್ಲರ ಕೈ ಸುತ್ತುತ್ತದೆ. ಅದನ್ನು ಹಿಡಿದ ಕೈಯಿಂದ ಗಾಯ ಮುಟ್ಟಬೇಡಿ, ಮೊದಲು ಸೋಪಿನಿಂದ ತೊಳೆಯಿರಿ. ಇಯರ್‌ಫೋನ್ ಹಂಚಿಕೊಳ್ಳಬೇಡಿ. ಟಿ.ಬಿ. ಔಷಧಿ ಈಗಷ್ಟೇ ಶುರು ಮಾಡಿದವರೊಂದಿಗೆ ಮುಚ್ಚಿದ ಕೋಣೆಯಲ್ಲಿ ಗುಂಪಾಗಿ ಟಿ.ವಿ. ನೋಡಬೇಡಿ. ಮಳೆಯಿದ್ದರೂ ಕಿಟಕಿ ತೆರೆದಿಡಿ.

ಮನೆಯವರಿಗೂ ಒಂದು ಮಾತು. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬಂದಾಗ ಅಕ್ಕಪಕ್ಕದ ಹೆಂಗಸರು ಬಂದು ಸೇರುತ್ತಾರೆ. ಒಂಟಿ ಹೆಣ್ಣಿಗೆ ಜೊತೆ ಸಿಗುತ್ತದೆ. ರೋಗಿಯ ಕೈಗೆ ಮೊಬೈಲ್ ಕೊಟ್ಟು ಬಾಗಿಲು ಮುಂದೆ ಮಾಡಿ ಹೋಗಬೇಡಿ. ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಜೊತೆಗೇ ನೋಡಿ. ಮಲಗಿರುವುದು ಮನೆಯ ಅಮ್ಮನಾದರೆ ಅಡುಗೆಮನೆಯ ಕೆಲಸವನ್ನೂ ವಹಿಸಿಕೊಳ್ಳಿ. ರಿಮೋಟ್ ಕೈಗಿಟ್ಟು "ಇವತ್ತು ಸಾರು ಏನು?" ಎಂದು ಕೇಳಿದರೆ ಅದು ವಿಶ್ರಾಂತಿಯಾಗುವುದಿಲ್ಲ.